ಉಪಬೆಳೆಯಾಗಿ ಬಂದ ಅತಿಥಿ

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಪ್ರವಾಸೋದ್ಯಮ ಅಡಿಕೆಯ ಕಷ್ಟದಲ್ಲಿ ಹುಟ್ಟಿದ್ದು. ಜಲಪಾತಗಳು ಮೊದಲೂ ಇದ್ದವು. ಸೋಂದೆಗೆ ಭಕ್ತರು, ಬನವಾಸಿಗೆ ಇತಿಹಾಸದ ಹುಚ್ಚಿನವರು ಮೊದಲೂ ಬರುತ್ತಿದ್ದರು. ಬಂದವರು ಮಠದಲ್ಲಿ ಉಂಡು, ನೆಂಟರ ಮನೆಯಲ್ಲೋ ಶಿರಸಿ ಪೇಟೆಯ ಲಾಡ್ಜಿನಲ್ಲೋ ರಾತ್ರಿ ಕಳೆದು ಹೋಗುತ್ತಿದ್ದರು. ತೋಟದ ಮನೆಯ ಮೆತ್ತಿನ (ಮಹಡಿಯ) ಮೇಲೆ ಗುರುತಿಲ್ಲದವರಿಗೆ ಹಾಸಿಗೆ ಹಾಸಿಕೊಟ್ಟು, ಬೆಳಿಗ್ಗೆ ಆಸರಿಗೆ ಕೊಟ್ಟು, ಹೊರಡುವಾಗ ದುಡ್ಡು ಎಣಿಸಿಕೊಳ್ಳುವುದು ಇಲ್ಲಿಯ ಕ್ರಮವಾಗಿರಲಿಲ್ಲ. ಊಟ ಹಾಕಿ ಹಣ ಪಡೆಯುವುದೆಂದರೆ ಹಿರಿಯರಿಗೆ ಮುಜುಗರದ ಮಾತು. ಆ ಮುಜುಗರ ಕಳೆದದ್ದು ಅಡಿಕೆ ದರ ಕುಸಿದಾಗ.

1990ರ ದಶಕದ ಕೊನೆಯವರೆಗೂ ಅಡಿಕೆಗೆ ಒಳ್ಳೆಯ ದರವಿತ್ತು. ಹೊಸ ಶತಮಾನ ಶುರುವಾಗುತ್ತಿದ್ದಂತೆ ಅದು ನೆಲ ಕಚ್ಚಿತು. ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದದ್ದೂ ಆ ಹೊತ್ತಿಗೇ, 2000ದ ಮಾರ್ಚ್ 1ರಂದು. ಕಾಳುಮೆಣಸು, ಅಡಿಕೆ ಎರಡೂ ಆ ದಾರಿಯಲ್ಲಿ ಅಗ್ಗವಾಗಿ ಒಳಗೆ ಬರುತ್ತವೆ ಎಂಬ ದೂರು ಶಿರಸಿ ಪೇಟೆಯಲ್ಲಿ ಇವತ್ತಿಗೂ ನಿಂತಿಲ್ಲ. ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ, 2023ರ ಫೆಬ್ರುವರಿಯಲ್ಲಿ ಆಮದು ಅಡಿಕೆಗೆ ಕಿಲೋಗೆ 351 ರೂಪಾಯಿ ಕನಿಷ್ಠ ದರ ನಿಗದಿ ಮಾಡಿದ್ದು ಇಂಥ ದೂರುಗಳ ಒತ್ತಡದಿಂದಲೇ. ಹೀಗಾಗಿ ಈ ಸೀಮೆಯ ಬೆಳೆಗಾರನಿಗೆ ಶ್ರೀಲಂಕಾ ಎಂದ ಕೂಡಲೇ ನೆನಪಾಗುವುದು ಕಡಲತೀರವಲ್ಲ, ರಾವಣನೂ ಅಲ್ಲ, ಮೆಣಸಿನ ದರ. ಆ ದ್ವೀಪದ ಪಾಡು ಮುಂದೆ ಈ ಬರಹದಲ್ಲಿ ಬರಲಿದೆ.

ಅಡಿಕೆ ಮನೆಗಳ ಹಣಕಾಸಿಗೆ ಒಂದು ವಿಚಿತ್ರ ಲಯವಿದೆ. ಕೊನೆ ಕೊಯ್ಲು ದೀಪಾವಳಿ ಕಳೆದ ಮೇಲೆ ಶುರುವಾಗಿ ಫೆಬ್ರುವರಿ ಹೊತ್ತಿಗೆ ಮುಗಿಯುತ್ತದೆ. ಬೇಯಿಸಿದ್ದು ರಾಶಿ, ಒಣಗಿಸಿ ಸುಲಿದದ್ದು ಚಾಲಿ. ಮಾಲು ಸೊಸೈಟಿಗೆ ಹೋಗುತ್ತದೆ, ಟೆಂಡರಿನಲ್ಲಿ ದರ ನಿಗದಿಯಾಗುತ್ತದೆ, ಬಂದ ಹಣ ವರ್ಷವಿಡೀ ತೆಗೆದ ಸಾಲಕ್ಕೆ ಜಮೆಯಾಗಿ ಉಳಿದದ್ದು ಕೈಗೆ ಬರುತ್ತದೆ. 1923ರಲ್ಲಿ ಹುಟ್ಟಿದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಅಂದರೆ ಟಿಎಸ್‌ಎಸ್, 1920ರಲ್ಲಿ ಶುರುವಾದ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ ಕೆಡಿಸಿಸಿ, ಊರೂರಿನ ಸೇವಾ ಸಹಕಾರಿ ಸಂಘಗಳು ಸೇರಿ ಕಟ್ಟಿದ ಈ ವ್ಯವಸ್ಥೆ ಖಾಸಗಿ ದಲಾಲಿಗಳ ಹಿಡಿತದಿಂದ ಬೆಳೆಗಾರನನ್ನು ಬಿಡಿಸಿತು. ಆದರೆ ಮಗಳ ಮದುವೆ, ಮಗನ ಇಂಜಿನಿಯರಿಂಗ್ ಫೀಸು, ಮಳೆಗಾಲಕ್ಕೆ ಮೊದಲು ಕೊಳೆ ಔಷಧಿ ಹೊಡೆಸುವ ಖರ್ಚು, ಎಲ್ಲಕ್ಕೂ ಸೊಸೈಟಿಯ ಖಾತೆಯೇ ಗತಿ. ರೊಕ್ಕ ಕೈಯಲ್ಲಿ ಓಡಾಡುವುದು ಅಪರೂಪ. ವಾರದ ಕೊನೆಗೆ ಬೆಂಗಳೂರಿನಿಂದ ಬಂದ ಕಾರಿನವರು ಕೊಟ್ಟು ಹೋಗುವ ನಗದು ಈ ಮನೆಗಳಿಗೆ ಹೊಸ ರುಚಿ ಹತ್ತಿಸಿದ್ದು ಆ ಕಾರಣಕ್ಕೆ. ಮೊತ್ತ ದೊಡ್ಡದೇನಲ್ಲ, ಆದರೆ ಅದು ಯಾವ ಖಾತೆಗೂ ಜಮೆಯಾಗದೆ ನೇರವಾಗಿ ಕೈಗೆ ಬರುತ್ತಿತ್ತು. ಮನೆಯ ಹೆಂಗಸರ ಕೈಗೆ ಬರುತ್ತಿತ್ತು ಎಂಬುದನ್ನೂ ಸೇರಿಸಬೇಕು, ಏಕೆಂದರೆ ಹೋಂಸ್ಟೇಯ ದುಡಿಮೆಯಲ್ಲಿ ಮುಕ್ಕಾಲು ಪಾಲು ಅಡುಗೆಮನೆಯಲ್ಲೇ ನಡೆಯುತ್ತದೆ.

ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿ, ನಡುವೆ ಏಲಕ್ಕಿ, ಬಾಳೆ ನೆಟ್ಟು ಉಪಬೆಳೆ ತೆಗೆಯುವುದು ಇಲ್ಲಿಯ ಹಳೆಯ ಕ್ರಮ. ಅತಿಥಿ ಬಂದದ್ದೂ ಅಂಥ ಉಪಬೆಳೆಯಾಗಿಯೇ. ಮುಖ್ಯ ಬೆಳೆಯ ನೆರಳಿನಲ್ಲಿ ಅವನು ಚಿಗುರಿದ.

ಚಿಗುರಬೇಕಾದರೆ ಗೊಬ್ಬರ ಬೇಕಾಯಿತು. ಹಳೆಯ ಹವ್ಯಕ ಮನೆಯಲ್ಲಿ ಜಗಲಿ ದೊಡ್ಡದು, ಅಡಿಕೆ ಹರಡುವ ಅಂಗಳ ದೊಡ್ಡದು, ಬಚ್ಚಲು ಮಾತ್ರ ಮನೆಯ ಹಿಂದೆ ಒಂದೇ. ಹಂಡೆಯ ಕೆಳಗೆ ಅಡಿಕೆ ಹಾಳೆ, ಸೋಗೆಯ ದಿಂಡು ಉರಿಯುತ್ತಲೇ ಇರುತ್ತದೆ. ಆ ಹಂಡೆಯ ಬಿಸಿನೀರು ಪೇಟೆಯವರಿಗೆ ಇಷ್ಟ, ಆದರೆ ಬಚ್ಚಲು ತಾವು ಮಲಗುವ ಕೋಣೆಗೆ ಹೊಂದಿಕೊಂಡೇ ಇರಬೇಕು. ಕಮೋಡು, ಟೈಲ್ಸು, ಸೋಲಾರ್, ಕರೆಂಟು ಹೋದರೆ ಯುಪಿಎಸ್, ಇವಿಷ್ಟಕ್ಕೆ ಹಲವು ಮನೆಗಳು ಸಾಲ ಮಾಡಿದವು. ತೋಟದ ಸಾಲಕ್ಕೆ ಬೆಳೆ ಬಂದಾಗ ತೀರಿಸುವ ಗಡುವಿದ್ದರೆ ಈ ಸಾಲಕ್ಕೆ ತಿಂಗಳು ತಿಂಗಳೂ ಕಂತು. ಮುಂದಿನ ಕಥೆಯಲ್ಲಿ ಈ ವ್ಯತ್ಯಾಸ ದೊಡ್ಡದಾಗುತ್ತದೆ.

ಪ್ರವಾಸಿಗೆ ಈ ಸೀಮೆ ಸುಲಭವಾಗಿ ಸಿಗುವಂಥದ್ದಲ್ಲ. ರೈಲು ಇಲ್ಲ, ಹತ್ತಿರದ ವಿಮಾನ ನಿಲ್ದಾಣ ಹುಬ್ಬಳ್ಳಿಯದು. ಬಯಲುಸೀಮೆಯ ಕಡೆಯಿಂದ ಬರುವವರಿಗೆ ಮೊದಲು ಗದ್ದೆ, ಆಮೇಲೆ ಕಾಡು, ಆಮೇಲೆ ತೋಟ. ಆ ದಾರಿಯ ಇಸಳೂರಿನಂಥ ಊರುಗಳು ಯಾವ ಪ್ರವಾಸಿ ನಕ್ಷೆಯಲ್ಲೂ ಇಲ್ಲ. ಅಲ್ಲಿ ನಿಲ್ಲುವ ಕಾರುಗಳು ದಾರಿ ಕೇಳಲು ನಿಲ್ಲುತ್ತವೆ. ನಕ್ಷೆಯಲ್ಲಿ ಹೆಸರಿರುವ ಜಾಗಕ್ಕೂ ಅದಿಲ್ಲದ ಊರಿಗೂ ಇಲ್ಲಿ ಎಂಟು ಹತ್ತು ಕಿಲೋಮೀಟರ್ ಅಂತರ, ಆದಾಯದಲ್ಲಿ ಮಾತ್ರ ಅಜಗಜಾಂತರ.

ಶಿರಸಿಯಿಂದ ಯಲ್ಲಾಪುರದ ರಸ್ತೆ ಹಿಡಿದರೆ ಶಾಲ್ಮಲೆಯ ಸಹಸ್ರಲಿಂಗ ಸಿಗುತ್ತದೆ. ನದಿಯ ಬಂಡೆಬಂಡೆಯ ಮೇಲೂ ಲಿಂಗ, ಎದುರಿಗೆ ನಂದಿ; ಕೆಲವು ಅಂಗೈಯಗಲದವು, ಕೆಲವು ಆಳುದ್ದದ ಬಂಡೆಯ ಮೇಲಿನವು. ಮಳೆಗಾಲದಲ್ಲಿ ಎಲ್ಲವೂ ನೀರಿನಡಿ. ನವೆಂಬರ್ ಕಳೆದು ಹೊಳೆ ಇಳಿದ ಮೇಲೆ ಒಂದೊಂದಾಗಿ ತಲೆ ಎತ್ತುತ್ತವೆ, ಶಿವರಾತ್ರಿಯ ಹೊತ್ತಿಗೆ ಜನಜಾತ್ರೆ. ಇವನ್ನು ಕೆತ್ತಿಸಿದವನೆಂದು ಹೇಳಲಾಗುವ ಸದಾಶಿವರಾಯ ಸೋಂದೆಯ ಅರಸ. ಸೋಂದೆ ಆಗ ಒಂದು ಪುಟ್ಟ ದೇಶ. ಹದಿನಾರನೆಯ ಶತಮಾನದ ನಡುವಿನಿಂದ ಎರಡು ಶತಮಾನ ಬಾಳಿದ ಆ ರಾಜ್ಯದ ಬೊಕ್ಕಸ ತುಂಬಿದ್ದು ಮೆಣಸಿನಿಂದ. ಮರಾಠರಿಗೆ ಕಪ್ಪ ಕಟ್ಟಿ ಸೊರಗಿದ್ದ ರಾಜ್ಯವನ್ನು 1763ರ ಸುಮಾರಿಗೆ ಹೈದರಾಲಿ ವಶಪಡಿಸಿಕೊಂಡ. ಅರಸು ಮನೆತನ ಪೋರ್ಚುಗೀಸರ ಆಶ್ರಯ ಬೇಡಿ ಗೋವೆಗೆ ಹೋಯಿತು. ಇವತ್ತು ಸೋಂದೆಯಲ್ಲಿ ಕೋಟೆಯ ಅವಶೇಷಗಳಿವೆ, ವಾದಿರಾಜರ ಬೃಂದಾವನವಿದೆ, ಸ್ವರ್ಣವಲ್ಲಿ ಮಠವಿದೆ, ಜೈನ ಮಠವಿದೆ. ಯಾತ್ರಿಕರ ಬಸ್ಸುಗಳು ವರ್ಷವಿಡೀ ಬರುತ್ತವೆ. ಯಾತ್ರೆ ಆರ್ಥಿಕ ಮುಗ್ಗಟ್ಟಿಗೆ ಅಷ್ಟು ಬೇಗ ಬಗ್ಗುವುದಿಲ್ಲ. ಕಷ್ಟ ಬಂದಾಗಲೇ ಜನ ಹರಕೆ ಹೊರುತ್ತಾರೆ.

ಯಲ್ಲಾಪುರದ ಕಡೆ ಮಾಗೋಡಿನಲ್ಲಿ ಬೇಡ್ತಿ ನದಿ ಸುಮಾರು 200 ಮೀಟರ್ ಇಳಿಯುತ್ತದೆ. ಪಕ್ಕದ ಜೇನುಕಲ್ಲು ಗುಡ್ಡದಿಂದ ಸೂರ್ಯಾಸ್ತ ನೋಡುವುದು ಪ್ರವಾಸಿಗಳ ದಿನಚರಿಯಾಗಿಬಿಟ್ಟಿದೆ. ಅಲ್ಲಿ ಫೋಟೊ ತೆಗೆಸಿಕೊಳ್ಳುವವರಲ್ಲಿ ಬಹಳ ಜನಕ್ಕೆ ತಿಳಿಯದ ಸಂಗತಿ, ಈ ನೀರಿಗೆ ಒಂದು ಕಾಲಕ್ಕೆ ಅಣೆಕಟ್ಟು ಬರುವುದಿತ್ತು ಎಂಬುದು. ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭನಷ್ಟ ಲೆಕ್ಕ ಹಾಕಲು 1981ರ ಆರಂಭದಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನು ಕೂಡಿಸಿ ವಿಚಾರಸಂಕಿರಣ ನಡೆಸಿದ್ದು ಅಡಿಕೆ ಬೆಳೆಗಾರರ ಟಿಎಸ್‌ಎಸ್. ತೋಟ ಮುಳುಗದಿರಲಿ ಎಂದು ಮಾಡಿದ ಆ ಹೋರಾಟದಿಂದ ಯೋಜನೆ ನಿಂತು ಜಲಪಾತವೂ ಉಳಿಯಿತು. ಅಡಿಕೆಯ ಹಣ ಪ್ರವಾಸೋದ್ಯಮಕ್ಕೆ ಮಾಡಿದ ಉಪಕಾರಗಳಲ್ಲಿ ಇದು ಮೊದಲನೆಯದು, ಬಹುಶಃ ದೊಡ್ಡದೂ ಹೌದು.

ಸಿದ್ದಾಪುರದ ಕಡೆ ಅಘನಾಶಿನಿಯ ಉಂಚಳ್ಳಿ ಜಲಪಾತ. 1845ರಲ್ಲಿ ಇದನ್ನು ಕಂಡ ಬ್ರಿಟಿಷ್ ಅಧಿಕಾರಿ ಲಷಿಂಗ್ಟನ್‌ನ ಹೆಸರಿನಿಂದಲೂ ಇದನ್ನು ಕರೆಯುತ್ತಾರೆ. ಎತ್ತರ 116 ಮೀಟರ್. ಹೆಗ್ಗರಣೆ ದಾಟಿ ಕಾಡಿನೊಳಗೆ ಸಾಗುವ ಹಾದಿ. ಜೋಗ ಇರುವುದು ಗಡಿಯಾಚೆ ಸಾಗರ ತಾಲ್ಲೂಕಿನಲ್ಲಾದರೂ ಸಿದ್ದಾಪುರದ ಹೋಟೆಲು, ಟ್ಯಾಕ್ಸಿ, ಹೋಂಸ್ಟೇಗಳ ಅನ್ನ ಜೋಗದಿಂದಲೇ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಜೋಗದ ವೈಭವ ಮಳೆಗಾಲದ ಕೆಲವೇ ವಾರಗಳಿಗೆ ಇಳಿದಿದೆ. ಆ ವಾರಗಳ ದುಡಿಮೆಯಲ್ಲಿ ವರ್ಷದ ಬಾಡಿಗೆ ಹುಟ್ಟಬೇಕು.

2020ರ ಮಾರ್ಚ್ ಮೊದಲೆರಡು ವಾರಗಳಲ್ಲಿ ಶಿರಸಿಯ ಮಾರಿಕಾಂಬಾ ಜಾತ್ರೆ ನಡೆಯಿತು. ಎರಡು ವರ್ಷಕ್ಕೊಮ್ಮೆ ಬರುವ, ಲಕ್ಷಗಟ್ಟಲೆ ಜನ ಸೇರುವ ಜಾತ್ರೆ. ಬಿಡಕಿ ಬೈಲಿನ ಚಪ್ಪರ, ಅಂಗಡಿ, ನಾಟಕ, ಸರ್ಕಸ್ಸುಗಳ ಗದ್ದಲ ಮುಗಿದು ಜನ ಊರು ಸೇರುವಷ್ಟರಲ್ಲಿ ಕೊರೊನಾ ಬಂತು. ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್. ಏಪ್ರಿಲ್, ಮೇ ಈ ಸೀಮೆಗೆ ಶಾಲಾ ರಜೆಯ ಅತಿಥಿಗಳು ಬರುವ ತಿಂಗಳು. ಮಾವು, ಹಲಸು, ಅಪ್ಪೆಮಿಡಿಯ ಕಾಲ. ಆ ವರ್ಷ ಮುಂಗಡ ಕೊಟ್ಟವರಿಗೆ ಹಣ ಹಿಂತಿರುಗಿಸುವುದೇ ಕೆಲಸವಾಯಿತು. ಹೋಟೆಲು, ದೇವಸ್ಥಾನಗಳನ್ನು ಜೂನ್ 8ರಿಂದ ತೆರೆಯಬಹುದು ಎಂದಾಗ ಮಳೆಗಾಲ ಬಾಗಿಲಿಗೆ ಬಂದಿತ್ತು. ಬೆಂಗಳೂರಿನಿಂದ ಬಂದ ಕಾರನ್ನು ಕಂಡರೆ ಊರಿನವರೇ ಹೆದರುವ ಕಾಲ ಅದು. ಹೋಂಸ್ಟೇಗೆ ಅತಿಥಿಯನ್ನು ಕರೆಯುವ ಮೊದಲು ಅಕ್ಕಪಕ್ಕದ ಮನೆಯವರ ಮುಖ ನೋಡಬೇಕಿತ್ತು.

ಸಾಲದ ಕಂತಿಗೆ ರಿಸರ್ವ್ ಬ್ಯಾಂಕು ಮಾರ್ಚ್‌ನಿಂದ ಆಗಸ್ಟ್‌ವರೆಗೆ ವಿನಾಯಿತಿ ಕೊಟ್ಟಿತು. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. 2021ರ ಏಪ್ರಿಲ್ ಕೊನೆಗೆ ಎರಡನೇ ಅಲೆಯ ಲಾಕ್‌ಡೌನ್ ಬಂದಾಗ ಮತ್ತೊಂದು ಬೇಸಿಗೆ ಹೋಯಿತು.

ಆದರೂ ಈ ಸೀಮೆಯ ಹೋಂಸ್ಟೇ ಮನೆಗಳು ಒಂದೇ ಸಲಕ್ಕೆ ಮುಳುಗಲಿಲ್ಲ. ಅದಕ್ಕೆ ಕಾರಣ ಅಡಿಕೆ. ಅತಿಥಿಗಳಿಲ್ಲದ ಆ ವರ್ಷಗಳಲ್ಲೇ ಅಡಿಕೆಗೆ ಬೆಲೆ ಬಂತು. 2021ರಲ್ಲಿ ಮಲೆನಾಡಿನ ಮಾರುಕಟ್ಟೆಗಳಲ್ಲಿ ರಾಶಿ ಅಡಿಕೆ ಕ್ವಿಂಟಲಿಗೆ 50 ಸಾವಿರ ರೂಪಾಯಿಯ ಆಸುಪಾಸು ತಲುಪಿತು. ಗಡಿಗಳು ಬಿಗಿಯಾಗಿ ಕಳ್ಳದಾರಿಯ ಆಮದು ಕಡಿಮೆಯಾದದ್ದರಿಂದ ಹೀಗಾಯಿತು ಎಂಬುದು ಪೇಟೆಯ ಮಾತು. ಪಟ್ಟಣದಿಂದ ಲ್ಯಾಪ್‌ಟಾಪ್ ಹಿಡಿದು ಮನೆಗೆ ಮರಳಿದ ಮಕ್ಕಳು ಮೆತ್ತಿನ ಮೇಲಿನ ಅತಿಥಿ ಕೋಣೆಯಲ್ಲಿ ಕೂತು ಕಂಪನಿ ಕೆಲಸ ಮಾಡಿದರು; ಕೋಣೆ ಖಾಲಿ ಬೀಳಲಿಲ್ಲ ಎಂಬಷ್ಟು ಸಮಾಧಾನ. ಪೆಟ್ಟು ಬಿದ್ದದ್ದು ತೋಟವಿಲ್ಲದವರಿಗೆ: ಟ್ಯಾಕ್ಸಿಯವರಿಗೆ, ಜಲಪಾತದ ದಾರಿಯಲ್ಲಿ ಮಂಡಕ್ಕಿ, ಮಜ್ಜಿಗೆ, ಬೇಯಿಸಿದ ಜೋಳ ಮಾರುವವರಿಗೆ, ಹೋಂಸ್ಟೇಯಲ್ಲಿ ಪಾತ್ರೆ ತೊಳೆಯುತ್ತಿದ್ದವರಿಗೆ, ಕಾಡಿನ ದಾರಿ ತೋರಿಸುವ ಹುಡುಗರಿಗೆ. ಪ್ರವಾಸೋದ್ಯಮದ ನಷ್ಟ ಎಂದು ಬರೆಯುವಾಗ ಮಾಲೀಕರ ನಷ್ಟವನ್ನಷ್ಟೇ ಎಣಿಸುವ ರೂಢಿ ಇದೆ. ಇವರ ಲೆಕ್ಕ ಯಾವ ಖಾತೆಯಲ್ಲೂ ಇಲ್ಲ.

ಅಡುಗೆಮನೆ ಸುಮ್ಮನೆ ಕೂರಲಿಲ್ಲ. ಅತಿಥಿಗಳಿಗೆಂದು ಮಾಡುತ್ತಿದ್ದ ತೊಡೆದೇವು, ಹಲಸಿನ ಹಪ್ಪಳ, ಉಪ್ಪಿನಕಾಯಿಗಳು ಪಾರ್ಸೆಲ್ ಆಗಿ ಪಟ್ಟಣಕ್ಕೆ ಹೊರಟವು. ತೊಡೆದೇವು ಮಾಡುವುದು ನೋಡಬೇಕಾದ ಕೆಲಸ. ದುಂಡು ತಳದ ಮಡಕೆಯನ್ನು ಒಲೆಯ ಮೇಲೆ ಬೋರಲು ಹಾಕಿ ಕಾಯಿಸುತ್ತಾರೆ. ಅಕ್ಕಿ ಹಿಟ್ಟಿಗೆ ಕಬ್ಬಿನ ಹಾಲೋ ಬೆಲ್ಲವೋ ಬೆರೆಸಿದ ತೆಳ್ಳಗಿನ ಹಿಟ್ಟನ್ನು, ಬಟ್ಟೆ ಸುತ್ತಿದ ಕೋಲಿನಿಂದ ಮಡಕೆಯ ಬೆನ್ನಿಗೆ ಒಂದೇ ಎಳೆತದಲ್ಲಿ ಬಳಿಯಬೇಕು. ಅಂಚು ಏಳುತ್ತಿದ್ದಂತೆ ಬಿಡಿಸಿ, ಬಿಸಿ ಆರುವುದರೊಳಗೆ ಮಡಚಬೇಕು. ಕ್ಷಣ ತಡವಾದರೆ ಗರಿಗರಿಯಾಗಿ ಮುರಿಯುತ್ತದೆ. ಕಾಗದದಷ್ಟು ತೆಳುವಾದ ಈ ತಿಂಡಿಯನ್ನು ಮುರಿಯದಂತೆ ಬೆಂಗಳೂರು ಮುಟ್ಟಿಸುವುದು ಅದನ್ನು ಮಾಡುವುದಕ್ಕಿಂತ ಕಷ್ಟ. ಅಂಥ ಪ್ಯಾಕಿಂಗ್ ಕಲಿತ ಮನೆಗಳಿಗೆ ಹೊಸ ಆದಾಯ ಹುಟ್ಟಿತು, ಕಲಿಯದವರು ಅಂಗಡಿಗೆ ಹಾಕಿ ಸಿಕ್ಕಷ್ಟು ತೆಗೆದುಕೊಂಡರು.

2021ರ ಜುಲೈ ಕೊನೆಯ ಮಳೆ ಬೇರೆಯೇ ಬಗೆಯ ಹೊಡೆತ. ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟಗಳೇ ಜಾರಿ ಹೋದವು. ಗಂಗಾವಳಿ ನದಿಯ ಗುಳ್ಳಾಪುರ ಸೇತುವೆ ಕೊಚ್ಚಿಹೋಯಿತು. ಅರಬೈಲ್ ಘಟ್ಟದಲ್ಲಿ ಹೆದ್ದಾರಿ ಕುಸಿದು ಕರಾವಳಿಗೂ ಹುಬ್ಬಳ್ಳಿಗೂ ಇದ್ದ ಕೊಂಡಿ ಕಡಿಯಿತು. ಕೊರೊನಾ ಅತಿಥಿಯನ್ನು ತಡೆದಿತ್ತು, ಮಳೆ ಉಪಬೆಳೆಯ ಜೊತೆಗೆ ಮುಖ್ಯ ಬೆಳೆಯನ್ನೂ ಒಯ್ದಿತು. ಕಳಚೆಯಲ್ಲಿ ಆ ಮೇಲೆ ಎದ್ದ ಕೂಗು ಪುನರ್ವಸತಿಯದು; ಪ್ರವಾಸದ ಮಾತು ಅಲ್ಲಿ ಯಾರಿಗೂ ಬೇಕಿರಲಿಲ್ಲ.

ಸಿದ್ದಾಪುರಕ್ಕೆ ಇನ್ನೊಂದು ಕಾಟವಿದೆ, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗಿನಿಂದ ಹರಡುತ್ತದೆ. ಉಣುಗಿನ ಮರಿಗಳು ಕಾಡಿನ ತರಗೆಲೆಯಲ್ಲಿ ಹೆಚ್ಚುವುದು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಅಂದರೆ ಚಾರಣಕ್ಕೆ ಜನ ಬರುವ ಕಾಲಕ್ಕೇ. 2019ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾಲು ಸಾಲು ಸಾವುಗಳಾದವು; 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲೂ ಜೀವಹಾನಿಯಾಯಿತು. ಹಿಂದೆ ಕೊಡುತ್ತಿದ್ದ ಲಸಿಕೆ ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತುಹೋಯಿತು. ಈಗ ಉಳಿದಿರುವುದು ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಮತ್ತು ಕಾಡಿಗೆ ಹೋಗಬೇಡಿ ಎಂಬ ಎಚ್ಚರಿಕೆ. ದರಕು (ತರಗೆಲೆ) ಗುಡಿಸಲು ಬೆಟ್ಟಕ್ಕೆ ಹೋಗಲೇಬೇಕಾದ ಕೂಲಿಯವರಿಗೆ ಆ ಎಚ್ಚರಿಕೆಯಿಂದ ಪ್ರಯೋಜನ ಕಡಿಮೆ. ಪ್ರವಾಸಿಗೆ ಮಾತ್ರ ಅದು ಬುಕಿಂಗ್ ರದ್ದು ಮಾಡಲು ಸಾಕಾಗುವಷ್ಟು ಕಾರಣ.

ಇದೇ ವರ್ಷಗಳಲ್ಲಿ, ಪ್ರವಾಸೋದ್ಯಮವನ್ನು ಮುಖ್ಯ ಬೆಳೆ ಮಾಡಿಕೊಂಡ ನಾಡು ಹೇಗೆ ಮುಗ್ಗರಿಸುತ್ತದೆ ಎಂಬುದನ್ನು ಶ್ರೀಲಂಕಾ ತೋರಿಸಿತು. 2018ರಲ್ಲಿ ಆ ದ್ವೀಪಕ್ಕೆ 23.3 ಲಕ್ಷ ವಿದೇಶಿಯರು ಬಂದಿದ್ದರು. ಗಳಿಕೆ ಸುಮಾರು 440 ಕೋಟಿ ಡಾಲರ್. 2019ರ ಏಪ್ರಿಲ್ 21ರ ಈಸ್ಟರ್ ದಿನ ಚರ್ಚು, ಹೋಟೆಲುಗಳಲ್ಲಿ ಬಾಂಬ್ ಸಿಡಿದು 260ಕ್ಕೂ ಹೆಚ್ಚು ಜನ ಸತ್ತರು. ವರ್ಷದ ಕೊನೆಗೆ ಹೊಸ ಸರ್ಕಾರ ಮೌಲ್ಯವರ್ಧಿತ ತೆರಿಗೆಯನ್ನು ಶೇ 15ರಿಂದ ಶೇ 8ಕ್ಕೆ ಇಳಿಸಿ ತನ್ನ ಆದಾಯವನ್ನು ತಾನೇ ಕತ್ತರಿಸಿಕೊಂಡಿತು. ಆಮೇಲೆ ಕೊರೊನಾ. 2021ರಲ್ಲಿ ಬಂದ ಪ್ರವಾಸಿಗರು ಎರಡು ಲಕ್ಷವನ್ನೂ ಮುಟ್ಟಲಿಲ್ಲ. ಆ ವರ್ಷವೇ ರಾಸಾಯನಿಕ ಗೊಬ್ಬರದ ಆಮದು ನಿಷೇಧಿಸಿ ಸಾವಯವಕ್ಕೆ ಜಿಗಿಯುವ ಸಾಹಸವೂ ನಡೆದು, ಭತ್ತ, ಚಹಾ ಎರಡೂ ಕುಸಿದವು. ಸಾವಯವದ ಬಗ್ಗೆ ಒಲವಿರುವ ಶಿರಸಿಯ ಕೃಷಿಕರು ಆ ಸುದ್ದಿಯನ್ನು ಬಹಳ ಕಾಳಜಿಯಿಂದ ಓದಿದ್ದರೆ ಆಶ್ಚರ್ಯವಿಲ್ಲ. ಒಂದು ತೋಟ ದಾರಿ ಬದಲಿಸಲು ವರ್ಷಗಟ್ಟಲೆ ಬೇಕು, ಅಲ್ಲಿ ಇಡೀ ದೇಶಕ್ಕೆ ಒಂದು ಹಂಗಾಮನ್ನೂ ಕೊಡಲಿಲ್ಲ.

ಡಾಲರ್ ಮುಗಿದಾಗ ತೈಲ, ಅಡುಗೆ ಅನಿಲ, ಔಷಧ ಎಲ್ಲವೂ ಮುಗಿದವು. 2022ರ ಮಾರ್ಚ್ ಕೊನೆಗೆ ದಿನಕ್ಕೆ 13 ತಾಸಿನವರೆಗೆ ವಿದ್ಯುತ್ ಕಡಿತ. ಏಪ್ರಿಲ್ 12ರಂದು ವಿದೇಶಿ ಸಾಲ ತೀರಿಸಲಾಗದು ಎಂದು ಸರ್ಕಾರ ಘೋಷಿಸಿತು. ಡಾಲರಿಗೆ 200ರ ಸುತ್ತ ಇದ್ದ ಅಲ್ಲಿಯ ರೂಪಾಯಿ 360 ದಾಟಿತು. ವಿಪರ್ಯಾಸವೆಂದರೆ, ಹೀಗೆ ಹಣ ಅಗ್ಗವಾದಾಗ ವಿದೇಶಿ ಪ್ರವಾಸಿಗೆ ಆ ದೇಶ ಹಿಂದೆಂದಿಗಿಂತ ಸೋವಿಯಾಗಿತ್ತು. ಕೋಣೆ ಸೋವಿ, ಊಟ ಸೋವಿ. ಆದರೆ ವಿಮಾನ ನಿಲ್ದಾಣದಿಂದ ಕೋಣೆಗೆ ಕರೆದೊಯ್ಯಬೇಕಾದ ಚಾಲಕ ಪೆಟ್ರೋಲಿನ ಸಾಲಿನಲ್ಲಿ ತನ್ನ ವಾಹನದಲ್ಲೇ ಮಲಗಿದ್ದ. ಮಾರ್ಚ್‌ನಲ್ಲಿ ಒಂದು ಲಕ್ಷ ದಾಟಿದ್ದ ಪ್ರವಾಸಿಗರ ಸಂಖ್ಯೆ ಮೇ ತಿಂಗಳಲ್ಲಿ 30 ಸಾವಿರಕ್ಕೆ ಬಂತು. ಜೂನ್ ಕೊನೆಗೆ ಅಗತ್ಯ ಸೇವೆಗಳಿಗಲ್ಲದೆ ಇಂಧನವೇ ಇಲ್ಲ ಎಂದಾಯಿತು. ಅದೇ ಜೂನ್, ಜುಲೈನಲ್ಲಿ ಆಸ್ಟ್ರೇಲಿಯಾ ತಂಡ ಬಂದು ಕ್ರಿಕೆಟ್ ಆಡಿತು. ಕೊಲಂಬೊದ ಕ್ರೀಡಾಂಗಣದಲ್ಲಿ ಶ್ರೀಲಂಕಾದ ಪ್ರೇಕ್ಷಕರು ಹಳದಿ ಅಂಗಿ ತೊಟ್ಟು ಬಂದು ಎದುರಾಳಿಗಳಿಗೆ ಧನ್ಯವಾದ ಹೇಳಿದರು. ಅತಿಥಿಯ ಬೆಲೆ ಅಷ್ಟು ಬಹಿರಂಗವಾಗಿ ಬೇರೆಲ್ಲೂ ವ್ಯಕ್ತವಾದಂತಿಲ್ಲ. ಜುಲೈ 13ರಂದು ಅಧ್ಯಕ್ಷ ಗೋಟಬಯ ರಾಜಪಕ್ಸ ದೇಶ ಬಿಟ್ಟರು.

ಚೇತರಿಕೆಯೂ ಪ್ರವಾಸಿಗರಿಂದಲೇ ಬಂತು, ಮತ್ತು ನೆರೆಯವರಿಂದ. ಭಾರತ 2022ರಲ್ಲಿ ಕೊಟ್ಟ ನೆರವು ಸುಮಾರು 400 ಕೋಟಿ ಡಾಲರ್. ಆ ವರ್ಷ ಬಂದ 7.2 ಲಕ್ಷ ಪ್ರವಾಸಿಗರಲ್ಲಿ ಭಾರತೀಯರೇ ಮೊದಲಿಗರು. 2023ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲ ಮಂಜೂರಾಯಿತು. 2024ರಲ್ಲಿ ಪ್ರವಾಸಿಗರ ಸಂಖ್ಯೆ ಮತ್ತೆ 20 ಲಕ್ಷ ದಾಟಿತು.

ಒಂದು ದೇಶವನ್ನೂ ಮೂರು ತಾಲ್ಲೂಕುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಶಿರಸಿಗೆ ತನ್ನದೇ ನಾಣ್ಯವಿಲ್ಲ, ಕಳೆದುಕೊಳ್ಳಲು ಡಾಲರೂ ಇಲ್ಲ. ಇಲ್ಲಿಯ ಅತಿಥಿ ಬೆಂಗಳೂರು, ಹುಬ್ಬಳ್ಳಿಯವನು. ಆದರೆ ಸಣ್ಣ ನಾಡಿನ ಪ್ರವಾಸೋದ್ಯಮ ಬಿಕ್ಕಟ್ಟಿನಲ್ಲಿ ಉಳಿಯುವುದೋ ಇಲ್ಲವೋ ಎಂಬುದು ಆಕರ್ಷಣೆಗಳ ಸಂಖ್ಯೆಯಿಂದ ನಿರ್ಧಾರವಾಗುವುದಿಲ್ಲ. ಅತಿಥಿ ಬಾರದ ವರ್ಷ ಮನೆಯವರು ಏನು ಉಣ್ಣುತ್ತಾರೆ ಎಂಬುದರ ಮೇಲೆ ನಿರ್ಧಾರವಾಗುತ್ತದೆ. ದ್ವೀಪದಲ್ಲಿ ಚಹಾ, ಭತ್ತ ಕುಸಿದ ವರ್ಷವೇ ಪ್ರವಾಸವೂ ಕುಸಿಯಿತು. ಇಲ್ಲಿ ಅಡಿಕೆ ಎದ್ದ ವರ್ಷ ಪ್ರವಾಸ ಮಲಗಿತ್ತು. ಇದರಲ್ಲಿ ಜಾಣತನಕ್ಕಿಂತ ಅದೃಷ್ಟದ ಪಾಲು ಹೆಚ್ಚು.

ಸರ್ಕಾರದ ನೆರವು ಎಂಬುದು ಇಲ್ಲಿ ತೆಳುವಾಗಿ ಹರಿಯಿತು. ರಾಜ್ಯ ಸರ್ಕಾರ 2020ರಲ್ಲಿ ಆಟೊ, ಟ್ಯಾಕ್ಸಿ ಚಾಲಕರಿಗೆ 5 ಸಾವಿರ, 2021ರಲ್ಲಿ 3 ಸಾವಿರ ರೂಪಾಯಿ ಘೋಷಿಸಿತು. ಕೇಂದ್ರ ಸರ್ಕಾರ 2021ರ ಜೂನ್ 28ರಂದು ಪ್ರವಾಸ ಸಂಸ್ಥೆಗಳಿಗೆ 10 ಲಕ್ಷ, ಪರವಾನಗಿ ಇರುವ ಮಾರ್ಗದರ್ಶಿಗಳಿಗೆ 1 ಲಕ್ಷ ರೂಪಾಯಿವರೆಗೆ ಖಾತರಿ ಸಾಲ ಕೊಡುವ ಯೋಜನೆ ತಂದಿತು. ಇಡೀ ದೇಶದಲ್ಲಿ ಅದರ ವ್ಯಾಪ್ತಿಗೆ ಬರುವ ಮಾರ್ಗದರ್ಶಿಗಳು 10,700. ಉಂಚಳ್ಳಿಯ ಮೆಟ್ಟಿಲ ಬಳಿ ನಿಂತು ದಾರಿ ತೋರಿಸುವ ಹುಡುಗನ ಬಳಿ ಪರವಾನಗಿ ಎಲ್ಲಿಂದ ಬರಬೇಕು? ಕೊಟ್ಟದ್ದೂ ಸಾಲ, ಸಾಲದಿಂದ ಬಳಲಿದವರಿಗೆ ಇನ್ನೊಂದು ಸಾಲ. ಹೋಂಸ್ಟೇಗಳಲ್ಲೂ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳದೆ ನಡೆಯುವವು ಇದ್ದವು. ನೋಂದಣಿಯ ಕಾಗದಪತ್ರಗಳಿಗೆ ಓಡಾಡುವುದಕ್ಕಿಂತ ಗುರುತಿನವರ ಮೂಲಕ ಅತಿಥಿಗಳನ್ನು ತರಿಸಿಕೊಳ್ಳುವುದು ಸುಲಭ. ಲೆಕ್ಕಕ್ಕೆ ಸಿಗದವರಿಗೆ ಪರಿಹಾರವೂ ಸಿಗುವುದಿಲ್ಲ.

ಜನರನ್ನು ಮತ್ತೆ ರಸ್ತೆಗೆ ತಂದದ್ದು ಪ್ರವಾಸೋದ್ಯಮದ ಹೆಸರೇ ಇಲ್ಲದ ಒಂದು ಯೋಜನೆ. 2023ರ ಜೂನ್ 11ರಂದು ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಶುರುವಾದ ಮೇಲೆ ಕ್ಷೇತ್ರಗಳ ಕಡೆಯ ಬಸ್ಸುಗಳು ತುಂಬಿ ತುಳುಕಿದವು. ಶಿರಸಿಯ ಮಾರಿಗುಡಿ, ಸೋಂದೆ, ಬನವಾಸಿಯ ಮಧುಕೇಶ್ವರ ಎಲ್ಲಕ್ಕೂ ಇದರ ಪಾಲು ಬಂತು. ಈ ಪ್ರವಾಸಿಗರು ಹೋಂಸ್ಟೇಗೆ ಬರುವವರಲ್ಲ. ಗುಡಿಯ ಊಟ ಉಂಡು ಸಂಜೆಯ ಬಸ್ಸಿಗೆ ಮರಳುವವರು. ಆದರೆ ಹೂವು, ಹಣ್ಣುಕಾಯಿ, ಬಳೆ, ಚಹಾದ ಅಂಗಡಿಗಳಿಗೆ ಅವರೇ ಆಧಾರ. ಕಾರಿನವರ ಹಣ ಒಂದು ಮನೆಗೆ ಹೋದರೆ ಬಸ್ಸಿನವರ ಹಣ ಹತ್ತು ಅಂಗಡಿಗೆ ಹಂಚಿಹೋಗುತ್ತದೆ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ ಮತ್ತೆ ಜಿಲ್ಲೆಯ ಹೆಸರು ದೇಶದ ಸುದ್ದಿಯಾಯಿತು. ದುರಂತ ನಡೆದದ್ದು ಘಟ್ಟದ ಕೆಳಗೆ, ಆದರೆ ಟಿ.ವಿ.ಯಲ್ಲಿ ಉತ್ತರ ಕನ್ನಡ ಎಂದು ಕೇಳಿದವರಿಗೆ ಘಟ್ಟದ ಮೇಲೂ ಒಂದೇ, ಕೆಳಗೂ ಒಂದೇ. ಭಾರಿ ಮಳೆಯ ದಿನಗಳಲ್ಲಿ ಜಲಪಾತಗಳಿಗೆ ಹೋಗದಂತೆ ತಡೆಯುವುದು ಈಗ ಆಗಾಗ ನಡೆಯುತ್ತದೆ. ಜೀವ ಉಳಿಸಲು ಅದು ಬೇಕು. ಜಲಪಾತ ನೋಡಬೇಕಾದ ಕಾಲಕ್ಕೇ ಅದನ್ನು ಮುಚ್ಚಬೇಕಾಗಿ ಬಂದಿದೆ ಎಂಬುದು ಇದರ ಇನ್ನೊಂದು ಮುಖ.

ಈಗ ಮುಖ್ಯ ಬೆಳೆಗೇ ಕುತ್ತು ಬಂದಿದೆ. ಹಳೆಯ ಕೊಳೆರೋಗದ ಜೊತೆಗೆ ಎಲೆಚುಕ್ಕಿ ರೋಗ ಮಲೆನಾಡಿನ ತೋಟಗಳಿಗೆ ಹಬ್ಬಿ, ಮರದ ಸೋಗೆ ಕರಟಿದಂತಾಗಿ ಇಳುವರಿ ಇಳಿದಿದೆ. 2022ರ ಸೆಪ್ಟೆಂಬರ್‌ನಲ್ಲಿ ಭೂತಾನದಿಂದ ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆಯನ್ನು ಕನಿಷ್ಠ ದರದ ಷರತ್ತಿಲ್ಲದೆ ತರಿಸಿಕೊಳ್ಳಲು ಕೇಂದ್ರ ಒಪ್ಪಿತು. ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಕೊಟ್ಟ ವರ್ಗೀಕರಣ ತಲೆಯ ಮೇಲೆ ತೂಗುತ್ತಲೇ ಇದೆ. ‘ಶಿರಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಹೆಮ್ಮೆಯ ವಿಷಯ, ಆದರೆ ರೋಗಕ್ಕೆ ಅದು ಮದ್ದಲ್ಲ.

ತೋಟ ಸೊರಗಿದ ಮನೆಗಳಲ್ಲಿ ಅತಿಥಿಯ ಮೇಲಿನ ಭಾರ ಹೆಚ್ಚುತ್ತಿದೆ. ಎರಡು ಕೋಣೆ ಇದ್ದವರು ನಾಲ್ಕು ಮಾಡುತ್ತಾರೆ, ಹೊಳೆಬದಿಯಲ್ಲಿ ಕಾಟೇಜು ಏಳುತ್ತದೆ, ಊಟದ ಜಗಲಿ ಡೈನಿಂಗ್ ಹಾಲ್ ಆಗುತ್ತದೆ. ತೋಟದ ಗಂಧವಿಲ್ಲದೆ, ಹೊರಗಿನವರ ಬಂಡವಾಳದಲ್ಲಿ, ಮ್ಯಾನೇಜರನ ಕೈಗೆ ಒಪ್ಪಿಸಿದ ರಿಸಾರ್ಟುಗಳೂ ಬಂದಿವೆ. ಇವುಗಳ ಹಿಂದೆ ಕೊನೆ ಕೊಯ್ಲಿನ ಆದಾಯವಿಲ್ಲ. ಶನಿವಾರ, ಭಾನುವಾರದ ಬುಕಿಂಗಿನಲ್ಲೇ ಕಂತು, ಸಂಬಳ, ಕರೆಂಟ್ ಬಿಲ್ ಎಲ್ಲವೂ ಹುಟ್ಟಬೇಕು. ಸೊಪ್ಪಿನ ಬೆಟ್ಟ ಗೊಬ್ಬರಕ್ಕೆಂದು ಬಿಟ್ಟ ಕಾಡು, ಅಲ್ಲಿ ಕಟ್ಟಡ ಕಟ್ಟುವಂತಿಲ್ಲ. ಆದ್ದರಿಂದ ವಿಸ್ತರಣೆಯೆಲ್ಲ ಮನೆಯ ಸುತ್ತಲಿನ ತುಂಡು ಜಾಗಕ್ಕೋ ತೋಟದ ಅಂಚಿಗೋ ಬರುತ್ತದೆ, ನಾಲ್ಕಾರು ಅಡಿಕೆ ಮರ ಕಡಿದೇ ಕೋಣೆಗೆ ಪಾಯ ತೋಡಬೇಕು. ಮುಂದಿನ ಸಲ ರಸ್ತೆ ಮುಚ್ಚಿದಾಗ ಇಂಥ ಮನೆಗಳಿಗೆ ಸೊಸೈಟಿಯಲ್ಲಿ ಜಮೆಯಾಗಲು ಅಷ್ಟರಮಟ್ಟಿಗೆ ಅಡಿಕೆ ಕಡಿಮೆ ಇರುತ್ತದೆ, ತೀರಿಸಬೇಕಾದ ಕಂತು ಅಷ್ಟರಮಟ್ಟಿಗೆ ಹೆಚ್ಚಿರುತ್ತದೆ.